ಕೆನಡಿ, ಜಾನ್ಸನ್ ಅವರ ದೂರವಾಣಿ ಧ್ವನಿಮುದ್ರಿಕೆಗಳು: ಹಿಂದುಳಿದ ಪ್ರದೇಶಗಳ ನೆರವಿನ ಮಸೂದೆ 1963ರಲ್ಲಿ ಬಿದ್ದದ್ದೇಕೆ, 1965ರಲ್ಲಿ ಗೆದ್ದದ್ದೇಕೆ?

ಇತಿಹಾಸಾಸಕ್ತ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ ಅವರು 1963ರ ಜೂನ್ 12ರಂದು ಪ್ರತಿನಿಧಿ ಸಭೆಯ ಬಹುಮತದ ನಾಯಕ ಕಾರ್ಲ್ ಆಲ್ಬರ್ಟ್ ಅವರೊಂದಿಗೆ ನಡೆಸಿದ ದೂರವಾಣಿ ಸಂಭಾಷಣೆಯ ಧ್ವನಿಮುದ್ರಿಕೆಯನ್ನು ಈಚೆಗೆ ಕೇಳಿದೆ. ಅಂದು ಪ್ರತಿನಿಧಿ ಸಭೆಯು ಪ್ರದೇಶ ಪುನರಭಿವೃದ್ಧಿ ಕಾರ್ಯಕ್ರಮಕ್ಕೆ, ಅಂದರೆ ನಿರುದ್ಯೋಗದಿಂದ ಬಸವಳಿದ ಪ್ರದೇಶಗಳಿಗೆ ಸಾಲ ಮತ್ತು ಅನುದಾನ ನೀಡುವ ಯೋಜನೆಗೆ, ಇನ್ನಷ್ಟು ಹಣ ಒದಗಿಸುವ ಮಸೂದೆಯನ್ನು 209–204 ಮತಗಳಿಂದ ತಿರಸ್ಕರಿಸಿತ್ತು. ಸೋಲಿನ ಸುದ್ದಿಯನ್ನು ಕುರಿತು ಇಬ್ಬರೂ ಆಡುವ ಮಾತುಗಳಲ್ಲಿ ಅಧ್ಯಕ್ಷರ ಅಧಿಕಾರದ ಗತ್ತು ಎಲ್ಲಿಯೂ ಕೇಳಿಸುವುದಿಲ್ಲ; ಬದಲಿಗೆ, ಕೈಮೀರಿದ ಸಂಗತಿಯೊಂದನ್ನು ಅರ್ಥಮಾಡಿಕೊಳ್ಳಲು ಹೆಣಗುತ್ತಿರುವ ಇಬ್ಬರು ಅನುಭವಿ ರಾಜಕಾರಣಿಗಳ ದಣಿವು ಕೇಳಿಸುತ್ತದೆ.

ಇದಾಗಿ ಎರಡು ವರ್ಷ ತುಂಬುವ ಮೊದಲೇ, 1965ರ ಮಾರ್ಚ್ 3ರಂದು, ಅದೇ ಪ್ರತಿನಿಧಿ ಸಭೆಯು ಅಪಲಾಚಿಯಾ (ಪೂರ್ವ ಅಮೆರಿಕದ ಬಡ ಪರ್ವತ ಪ್ರದೇಶ) ಪ್ರಾದೇಶಿಕ ಅಭಿವೃದ್ಧಿ ಮಸೂದೆಯನ್ನು 257–165 ಮತಗಳಿಂದ ಅಂಗೀಕರಿಸಿತು. ಅಷ್ಟರಲ್ಲಿ ಲಿಂಡನ್ ಜಾನ್ಸನ್ ಅಧ್ಯಕ್ಷರಾಗಿದ್ದರು, ಅವರೂ ತಮ್ಮ ದೂರವಾಣಿ ಸಂಭಾಷಣೆಗಳನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದರು. ಸಾಮಾನ್ಯವಾಗಿ ನಾವು ಓದುವ ವಿವರಣೆ ಒಂದೇ: ಕೆನಡಿಯವರಿಗೆ ಕಾಂಗ್ರೆಸ್ಸನ್ನು, ಅಂದರೆ ಪ್ರತಿನಿಧಿ ಸಭೆ ಮತ್ತು ಸೆನೆಟ್ ಸೇರಿದ ಅಮೆರಿಕದ ಸಂಸತ್ತನ್ನು, ಒಲಿಸಿಕೊಳ್ಳಲು ಬರುತ್ತಿರಲಿಲ್ಲ, ಜಾನ್ಸನ್ ಅವರು ದೂರವಾಣಿ ಹಿಡಿದರೆ ಎಂಥ ಶಾಸಕರೂ ಮಣಿಯುತ್ತಿದ್ದರು.

ನನ್ನ ಪ್ರಶ್ನೆಗಳು ಎರಡು. ಐದು ಮತಗಳಿಂದ ಸೋತ ಬಗೆಯ ನೆರವು 92 ಮತಗಳ ಅಂತರದಿಂದ ಗೆಲ್ಲುವಂತಾದದ್ದಕ್ಕೆ ದೂರವಾಣಿಯ ಮನವೊಲಿಕೆಯೇ ಕಾರಣವೆಂದು ಹೇಳಬಹುದೇ? ಮತ್ತು ಇಂಥ ಧ್ವನಿಮುದ್ರಿಕೆಗಳನ್ನು ಸಾಕ್ಷ್ಯವಾಗಿ ಬಳಸುವಾಗ ಯಾವ ಎಚ್ಚರ ಅಗತ್ಯ? ಬಲ್ಲವರು ವಿಸ್ತಾರವಾಗಿಯೇ ಬರೆಯಬೇಕೆಂದು ಕೋರುತ್ತೇನೆ.

ಸಂಸತ್ ಓದುಗ

ತಾವು ಕೇಳಿದ ಧ್ವನಿಮುದ್ರಿಕೆಯ ದಿನಾಂಕದಿಂದಲೇ ಉತ್ತರವನ್ನು ಆರಂಭಿಸಬೇಕು, ಏಕೆಂದರೆ ಆ ಸಂಭಾಷಣೆಯ ಅರ್ಥವೆಲ್ಲ ಅದಕ್ಕೂ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಅಡಗಿದೆ. ಜೂನ್ 11ರಂದು ಅಲಬಾಮಾದ ಗವರ್ನರ್ ಜಾರ್ಜ್ ವಾಲೇಸ್ ಅವರು ಇಬ್ಬರು ಕಪ್ಪು ವಿದ್ಯಾರ್ಥಿಗಳ ಪ್ರವೇಶವನ್ನು ತಡೆಯಲು ರಾಜ್ಯ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತರು. ಅಂದು ಸಂಜೆ ಕೆನಡಿಯವರು ದೂರದರ್ಶನದಲ್ಲಿ ರಾಷ್ಟ್ರವನ್ನು ಉದ್ದೇಶಿಸಿ ಮಾತನಾಡಿ, ನಾಗರಿಕ ಹಕ್ಕುಗಳನ್ನು, ಅಂದರೆ ಕಪ್ಪು ಜನರ ಸಮಾನ ಹಕ್ಕುಗಳನ್ನು, ನೈತಿಕ ಪ್ರಶ್ನೆಯೆಂದು ಕರೆದು, ಅದಕ್ಕಾಗಿ ಮಸೂದೆ ತರುವುದಾಗಿ ಘೋಷಿಸಿದರು. ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಮಿಸಿಸಿಪಿಯ ಜಾಕ್ಸನ್ ನಗರದಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಅವರನ್ನು ಅವರ ಮನೆಯ ಮುಂದೆಯೇ ಗುಂಡಿಟ್ಟು ಕೊಲ್ಲಲಾಯಿತು. ಈ ಎಲ್ಲದರ ಬೆನ್ನಿಗೇ, ಜೂನ್ 12ರಂದು, ಪ್ರದೇಶ ಪುನರಭಿವೃದ್ಧಿಯ ಮಸೂದೆ ಮತಕ್ಕೆ ಬಂದಿತು.

ಮಸೂದೆಗೂ ನಾಗರಿಕ ಹಕ್ಕುಗಳಿಗೂ ನೇರ ಸಂಬಂಧವಿರಲಿಲ್ಲ. ಮೂಲ ಕಾನೂನು ಇಲಿನಾಯ್ಸ್‌ನ ಸೆನೆಟರ್ ಪಾಲ್ ಡಗ್ಲಾಸ್ ಅವರ ಹಲವು ವರ್ಷಗಳ ಶ್ರಮದ ಫಲ; ಹಿಂದಿನ ಅಧ್ಯಕ್ಷ ಐಸೆನ್‌ಹೋವರ್ ಅವರು 1958 ಮತ್ತು 1960ರಲ್ಲಿ ಎರಡು ಬಾರಿ ಅದಕ್ಕೆ ವೀಟೋ ಹಾಕಿದ್ದರು; ಕೆನಡಿಯವರು 1961ರ ಮೇ 1ರಂದು ಅದಕ್ಕೆ ಸಹಿ ಹಾಕಿದಾಗ ಕಾರ್ಯಕ್ರಮಕ್ಕೆ ಗೊತ್ತುಪಡಿಸಿದ ಮೊತ್ತ 39.4 ಕೋಟಿ ಡಾಲರ್. ಗಣಿ ಮುಚ್ಚಿದ ಊರುಗಳು, ಜವಳಿ ಗಿರಣಿ ನಿಂತುಹೋದ ಪಟ್ಟಣಗಳು, ದಕ್ಷಿಣದ ಬಡ ಕೃಷಿ ಕೌಂಟಿಗಳು (ರಾಜ್ಯದೊಳಗಿನ ಜಿಲ್ಲೆಗಳು), ಹೀಗೆ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಸಿಗುವಂತೆ ಅದನ್ನು ರೂಪಿಸಲಾಗಿತ್ತು. ಕೆನಡಿಯವರದೇ ಪಕ್ಷದವರಾದರೂ ಬಹುಪಾಲು ನಾಗರಿಕ ಹಕ್ಕುಗಳನ್ನು ವಿರೋಧಿಸುತ್ತಿದ್ದ ದಕ್ಷಿಣದ ಡೆಮಾಕ್ರಟರು 1961ರಲ್ಲಿ ಅದನ್ನು ಬೆಂಬಲಿಸಲು ಮುಖ್ಯ ಕಾರಣವೇ ತಮ್ಮ ಗ್ರಾಮೀಣ ಕೌಂಟಿಗಳಿಗೂ ಅದರಲ್ಲಿ ಪಾಲಿದ್ದದ್ದು.

ಆಲ್ಬರ್ಟ್ ಅವರು ಆ ಕರೆಯಲ್ಲಿ ಅಧ್ಯಕ್ಷರಿಗೆ ಒಪ್ಪಿಸುವ ವರದಿಯ ತಿರುಳು ಇದು: ಬೇರೆ ಸಂದರ್ಭವಾಗಿದ್ದರೆ ನಮ್ಮ ಜೊತೆ ನಿಲ್ಲುತ್ತಿದ್ದ ದಕ್ಷಿಣದ ಕೆಲವು ಸದಸ್ಯರನ್ನು ಈ ಬಾರಿ ಕಳೆದುಕೊಂಡೆವು. ಕೆನಡಿಯವರಿಗೆ ಕಾರಣ ಕೂಡಲೇ ಹೊಳೆಯುತ್ತದೆ, ಮಿಸಿಸಿಪಿಯ ಕೊಲೆಯ ಪ್ರಸ್ತಾಪವೂ ಬರುತ್ತದೆ; ನಾಗರಿಕ ಹಕ್ಕುಗಳ ವಿಷಯ ಎಲ್ಲದರೊಳಗೂ ಹೊಕ್ಕುಬಿಟ್ಟಿದೆ ಎಂಬ ತೀರ್ಮಾನಕ್ಕೆ ಇಬ್ಬರೂ ಬರುತ್ತಾರೆ. ಇದೇ ಕಾವು ಮುಂದಿನ ನಗರ ಸಾರಿಗೆ ಮತ್ತು ಕೃಷಿ ಮಸೂದೆಗಳಿಗೂ ತಟ್ಟಬಹುದೆಂಬ ಆತಂಕ ಆಲ್ಬರ್ಟ್ ಅವರ ಮಾತಿನಲ್ಲಿದೆ.

ಇಲ್ಲಿ ಗಮನಿಸಬೇಕಾದ ವ್ಯಕ್ತಿ ಆಲ್ಬರ್ಟ್ ಎಂದು ನನಗೆ ಅನ್ನಿಸುತ್ತದೆ. ಅವರ ಕ್ಷೇತ್ರವಿದ್ದದ್ದು ಒಕ್ಲಹೋಮಾದ ಆಗ್ನೇಯ ಮೂಲೆಯಲ್ಲಿ, ದಕ್ಷಿಣದಿಂದ ಬಂದ ಜನರೇ ನೆಲೆಸಿದ್ದರಿಂದ ‘ಪುಟ್ಟ ಡಿಕ್ಸಿ’ (ಡಿಕ್ಸಿ ಎಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಅಡ್ಡಹೆಸರು) ಎಂದೇ ಹೆಸರಾದ ಬಡ ಪ್ರದೇಶದಲ್ಲಿ. ಮತ ಬದಲಿಸಿದವರು ಅವರಿಗೆ ಅಪರಿಚಿತರಲ್ಲ. ಒಟ್ಟಿಗೆ ಕುಳಿತು ಉಣ್ಣುವ, ಒಬ್ಬರ ಕ್ಷೇತ್ರದ ಕಷ್ಟ ಇನ್ನೊಬ್ಬರಿಗೆ ಗೊತ್ತಿರುವ ಜನ. ಅಂಥವರು ‘ನನ್ನಿಂದ ಆಗಲಿಲ್ಲ’ ಎಂದು ಅಧ್ಯಕ್ಷರ ಎದುರು ಹೇಳುವಾಗ ಅದನ್ನು ನೆಪವೆಂದು ತಳ್ಳಿಹಾಕುವುದು ಸರಿಯಲ್ಲ. ಲೆಕ್ಕವನ್ನೂ ನೋಡಿ: 209–204ರಲ್ಲಿ ಮೂವರು ಸದಸ್ಯರು ಮತ ಬದಲಿಸಿದ್ದರೆ ಮಸೂದೆ 207–206ರಿಂದ ಗೆಲ್ಲುತ್ತಿತ್ತು. ಮೂರೇ ಮೂರು ಮತಗಳನ್ನು ದೂರವಾಣಿಯಲ್ಲಿ ಗಿಟ್ಟಿಸಬಹುದಿತ್ತು ಎಂದು ಇಂದು ಹೇಳುವುದು ಸುಲಭ. ಆದರೆ ಈ ಕರೆ ನಡೆದದ್ದು ಮತದಾನದ ನಂತರ ಎಂಬುದನ್ನು ಮರೆಯಬಾರದು. ಅದು ಮನವೊಲಿಕೆಯ ಕರೆಯಲ್ಲ, ಸೋಲಿನ ಕಾರಣ ಹುಡುಕುವ ಕರೆ. ಅದರಲ್ಲಿ ಕೆನಡಿಯವರು ಶಾಸಕರನ್ನು ಒತ್ತಾಯಿಸುವುದು ಕೇಳಿಸದೇ ಇರುವುದರಿಂದ ಅವರಿಗೆ ಒತ್ತಾಯಿಸಲು ಬರುತ್ತಿರಲಿಲ್ಲ ಎಂದು ತೀರ್ಮಾನಿಸಲಾಗದು.

ಬೆಟ್ಟದ ದಾರಿ

ಮೇಲಿನ ಉತ್ತರ 1963ರ ಬಗ್ಗೆ ಸಾಕಷ್ಟು ಹೇಳಿದೆ. 1965ರ ಗೆಲುವಿನ ಬಗ್ಗೆ ನಾನು ಬರೆಯುತ್ತೇನೆ, ಮತ್ತು ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಗೆಲುವನ್ನು ತಂದದ್ದು ಮಸೂದೆಯ ರಚನೆ ಮತ್ತು 1964ರ ಚುನಾವಣೆ, ದೂರವಾಣಿಯ ಕೆಲಸ ಅವೆರಡರ ನಂತರದ್ದು.

ಜಾನ್ಸನ್ ಅವರ ದೂರವಾಣಿಗೆ ಎಲ್ಲ ಶಕ್ತಿಯೂ ಇದ್ದಿದ್ದರೆ ಅಪಲಾಚಿಯಾ ಮಸೂದೆ 1964ರಲ್ಲೇ ಕಾನೂನಾಗಬೇಕಿತ್ತು. ಅದಕ್ಕೆ ಬೇಕಾದ ಸಿದ್ಧತೆಯೆಲ್ಲ ನಡೆದಿತ್ತು. ಮೇರಿಲ್ಯಾಂಡ್ ಗವರ್ನರ್ ಮಿಲಾರ್ಡ್ ಟಾವ್ಸ್ ಅವರು 1960ರಲ್ಲಿಯೇ ಆ ಪರ್ವತ ಪ್ರದೇಶದ ಗವರ್ನರುಗಳನ್ನು ಅನ್ನಾಪೊಲಿಸ್‌ನಲ್ಲಿ ಒಟ್ಟುಗೂಡಿಸಿದ್ದರು. ಕಲ್ಲಿದ್ದಲು ಗಣಿಗಳಿಗೆ ಯಂತ್ರಗಳು ಬಂದು, ಮನೆಗಳೂ ರೈಲುಗಳೂ ತೈಲ ಮತ್ತು ಅನಿಲದ ಕಡೆ ತಿರುಗಿ, ಹತ್ತಾರು ಸಾವಿರ ಕುಟುಂಬಗಳು ಕೆಲಸ ಕಳೆದುಕೊಂಡಿದ್ದವು. ಅದರ ಮೇಲೆ 1963ರ ಮಾರ್ಚ್‌ನ ಪ್ರವಾಹ ಪೂರ್ವ ಕೆಂಟಕಿಯ ಕಣಿವೆಗಳನ್ನು ತೊಳೆದುಹಾಕಿತು. ಮರು ತಿಂಗಳೇ ಕೆನಡಿಯವರು ವಾಣಿಜ್ಯ ಇಲಾಖೆಯ ಅಧೀನ ಕಾರ್ಯದರ್ಶಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಜೂನಿಯರ್ ಅವರ ನೇತೃತ್ವದಲ್ಲಿ ಆಯೋಗವೊಂದನ್ನು ನೇಮಿಸಿದರು. ಆಯೋಗದ ವರದಿ 1964ರ ಏಪ್ರಿಲ್‌ನಲ್ಲಿ ಬಂದಿತು, ಅದೇ ತಿಂಗಳು ಜಾನ್ಸನ್ ಅವರು ಪೂರ್ವ ಕೆಂಟಕಿಯ ಐನೆಜ್ ಬಳಿ ಬಡ ಕುಟುಂಬವೊಂದರ ಮನೆಯ ಜಗಲಿಯಲ್ಲಿ ಕುಳಿತು ಮಾತನಾಡಿದ ಚಿತ್ರ ದೇಶದ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಸೆಪ್ಟೆಂಬರ್‌ನಲ್ಲಿ ಸೆನೆಟ್ ಮಸೂದೆಯನ್ನು ಒಪ್ಪಿತು. ಆದರೂ ಪ್ರತಿನಿಧಿ ಸಭೆಯಲ್ಲಿ ಅದು ಮತಕ್ಕೆ ಬರಲೇ ಇಲ್ಲ. ಅಕ್ಟೋಬರ್ ಆರಂಭದಲ್ಲಿ ಸದಸ್ಯರು ಚುನಾವಣೆಗೆಂದು ಊರಿಗೆ ಹೊರಟರು. ಅದೇ ಬೇಸಿಗೆಯಲ್ಲಿ ನಾಗರಿಕ ಹಕ್ಕುಗಳ ಮಸೂದೆಗೂ ಬಡತನ ನಿವಾರಣೆಯ ಮಸೂದೆಗೂ ಒಂದೊಂದೇ ಮತವನ್ನು ಕೂಡಿಸಿ ಕೂಡಿಸಿ ನಾಯಕರ ಶಕ್ತಿಯೆಲ್ಲ ಖರ್ಚಾಗಿತ್ತು. ಅಧ್ಯಕ್ಷರು ಎಷ್ಟೇ ಕರೆ ಮಾಡಿದರೂ ಒಬ್ಬ ಸದಸ್ಯ ಒಂದು ಅಧಿವೇಶನದಲ್ಲಿ ತನ್ನ ಕ್ಷೇತ್ರದ ಮತದಾರರ ಇಷ್ಟಕ್ಕೆ ವಿರುದ್ಧವಾಗಿ ಎಷ್ಟು ಬಾರಿ ಮತ ಹಾಕಿಯಾನು?

ನವೆಂಬರ್‌ನ ಚುನಾವಣೆಯ ನಂತರ ಪ್ರತಿನಿಧಿ ಸಭೆಯಲ್ಲಿ ಡೆಮಾಕ್ರಟರ ಸಂಖ್ಯೆ 295ಕ್ಕೆ, ಸೆನೆಟ್‌ನಲ್ಲಿ 68ಕ್ಕೆ ಏರಿತು. ಈಗ ದಕ್ಷಿಣದ ಕೆಲವರು ಕೈಬಿಟ್ಟರೂ ಮಸೂದೆ ಉಳಿಯುವಷ್ಟು ಮತಗಳಿದ್ದವು. 1965ರ ಫೆಬ್ರವರಿ 1ರಂದು ಸೆನೆಟ್ 62–22ರಿಂದ ಅಂಗೀಕರಿಸಿದ ಮಸೂದೆಯನ್ನೇ ಪ್ರತಿನಿಧಿ ಸಭೆ ತಿದ್ದುಪಡಿಯಿಲ್ಲದೆ ಒಪ್ಪಿತು, ಇದರಿಂದ ಎರಡೂ ಸದನಗಳ ಜಂಟಿ ಸಮಿತಿಗೆ ಹೋಗುವ ಅಪಾಯವೇ ತಪ್ಪಿತು. ಮಾರ್ಚ್ 9ರಂದು ಸಹಿ ಬಿದ್ದಿತು.

ಆದರೆ ಸಂಖ್ಯೆಗಿಂತ ನನಗೆ ಹೆಚ್ಚು ಮುಖ್ಯವೆನಿಸುವುದು ಮಸೂದೆಯ ಒಳಗಿನ ಹೊಂದಾಣಿಕೆಗಳು. ಸುಮಾರು 109 ಕೋಟಿ ಡಾಲರ್‌ಗಳ ಆ ಕಾನೂನಿನಲ್ಲಿ 84 ಕೋಟಿ ರಸ್ತೆಗಳಿಗೇ ಮೀಸಲಾಗಿತ್ತು: 2,350 ಮೈಲಿ ಅಭಿವೃದ್ಧಿ ಹೆದ್ದಾರಿ ಮತ್ತು 1,000 ಮೈಲಿ ಒಳರಸ್ತೆ, ವೆಚ್ಚದಲ್ಲಿ ಕೇಂದ್ರ ಸರ್ಕಾರದ ಪಾಲು ಶೇಕಡಾ 70ರವರೆಗೆ. ಬೆಟ್ಟಗಳ ನಡುವೆ ಸಿಕ್ಕಿಕೊಂಡ ಊರುಗಳಿಗೆ ರಸ್ತೆಯ ಅಗತ್ಯವಿತ್ತು ಎಂಬುದು ನಿಜ. ಅದರ ಜೊತೆಗೆ, ರಸ್ತೆಗೆ ವಿರೋಧವಾಗಿ ಮತ ಹಾಕುವುದು ಯಾವ ಪಕ್ಷದ ಸದಸ್ಯರಿಗೂ ಕಷ್ಟ. ಹಾಗೆಯೇ, ಕಾನೂನಿನಲ್ಲಿ ಯಾವುದಕ್ಕೆ ಹಣ ಕೊಡಬಾರದು ಎಂಬ ಪಟ್ಟಿಯನ್ನು ಓದಿದರೆ ಯಾರ ಯಾರ ಆಕ್ಷೇಪಕ್ಕೆ ಸಮಾಧಾನ ಹೇಳಲಾಗಿದೆ ಎಂಬುದು ಸ್ಪಷ್ಟವಾಗುತ್ತದೆ. ಒಂದು ಪ್ರದೇಶದ ಕಾರ್ಖಾನೆಯನ್ನು ಇನ್ನೊಂದು ಪ್ರದೇಶಕ್ಕೆ ಸ್ಥಳಾಂತರಿಸಲು ಈ ಹಣ ಬಳಸಬಾರದು ಎಂಬ ಮಾತು ತಮ್ಮ ಉದ್ಯಮಗಳು ಅಪಲಾಚಿಯಾದ ಪಾಲಾದಾವೆಂದು ಹೆದರಿದ ರಾಜ್ಯಗಳಿಗಾಗಿ. ವಿದ್ಯುತ್ ಉತ್ಪಾದನೆ, ಸಾಗಣೆ, ವಿತರಣೆಗೆ ಹಣವಿಲ್ಲ ಎಂಬ ಮಾತು ಖಾಸಗಿ ವಿದ್ಯುತ್ ಕಂಪನಿಗಳ ಪರ ನಿಂತವರಿಗಾಗಿ. 1964ರ ಮಸೂದೆಯಲ್ಲಿ ಹುಲ್ಲುಗಾವಲು ಸುಧಾರಣೆಗೆಂದು ಇದ್ದ ಭಾಗಕ್ಕೆ ದನ ಸಾಕಣೆಯ ಪಶ್ಚಿಮ ರಾಜ್ಯಗಳ ಸದಸ್ಯರು ಅಡ್ಡಿಮಾಡಿದ್ದರು. 1965ರಲ್ಲಿ ಅದರ ಜಾಗಕ್ಕೆ ಮಣ್ಣಿನ ಸವಕಳಿ ತಡೆಯುವ ಸಣ್ಣ ಯೋಜನೆ ಬಂದಿತು.

ಇಷ್ಟೆಲ್ಲವನ್ನೂ ದೂರವಾಣಿಯಲ್ಲಿ ಐದು ನಿಮಿಷ ಮಾತನಾಡಿ ಸಾಧಿಸಲಾಗುವುದಿಲ್ಲ. ವೆಸ್ಟ್ ವರ್ಜೀನಿಯಾದ ಸೆನೆಟರ್ ಜೆನಿಂಗ್ಸ್ ರಾಂಡಾಲ್ಫ್, ಅಲಬಾಮಾದ ಪ್ರತಿನಿಧಿ ರಾಬರ್ಟ್ ಜೋನ್ಸ್, ಅಧ್ಯಕ್ಷರ ಶಾಸಕಾಂಗ ಸಂಪರ್ಕ ನೋಡಿಕೊಳ್ಳುತ್ತಿದ್ದ ಲ್ಯಾರಿ ಒಬ್ರಿಯನ್ ಮುಂತಾದವರು ಸಮಿತಿಯ ಕೊಠಡಿಗಳಲ್ಲಿ ಕುಳಿತು ಸಾಲು ಸಾಲಾಗಿ ತಿದ್ದಿ ಬರೆದ ಕೆಲಸ ಅದು. ಅವರ ಹೆಸರನ್ನು ಯಾರೂ ನೆನೆಯದೆ ಎಲ್ಲ ಶ್ರೇಯಸ್ಸನ್ನೂ ಒಂದು ದೂರವಾಣಿಗೆ ಕೊಡುವುದು ನನಗೆ ಅನ್ಯಾಯವೆಂದೇ ತೋರುತ್ತದೆ.

ದಾಖಲೆಪಾಲ

ತಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಧ್ವನಿಮುದ್ರಿಕೆಯನ್ನು ಸಾಕ್ಷ್ಯವಾಗಿ ಬಳಸುವ ಬಗ್ಗೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಬ್ಬರೂ ಅಧ್ಯಕ್ಷರು ದೂರವಾಣಿಗೆ ಬಳಸಿದ್ದು ಡಿಕ್ಟಬೆಲ್ಟ್ ಎಂಬ ಸಾಧನ. ಕಚೇರಿಗಳಲ್ಲಿ ಪತ್ರಗಳ ಒಕ್ಕಣೆಯನ್ನು ಹೇಳಿ ಬರೆಸಲು ತಯಾರಾದ ಯಂತ್ರವದು. ತೆಳುವಾದ ಪ್ಲಾಸ್ಟಿಕ್ ಪಟ್ಟಿಯೊಂದು ಎರಡು ಉರುಳೆಗಳ ಮೇಲೆ ತಿರುಗುತ್ತಿದ್ದಂತೆ ಮುಳ್ಳೊಂದು ಅದರ ಮೇಲೆ ಗೆರೆ ಒತ್ತುತ್ತಾ ಹೋಗುತ್ತದೆ. ಒಂದು ಪಟ್ಟಿಯಲ್ಲಿ ಹಿಡಿಸುವುದು ಸುಮಾರು ಕಾಲು ಗಂಟೆಯ ಮಾತು. ಒಮ್ಮೆ ಒತ್ತಿದ ಗೆರೆಯನ್ನು ಅಳಿಸಿ ಬೇರೆ ಮಾತು ತುಂಬಲಾಗುವುದಿಲ್ಲ ಎಂಬುದು ಇತಿಹಾಸಕಾರರಿಗೆ ಅನುಕೂಲ. ಮಡಿಸಿಟ್ಟ ಪಟ್ಟಿಯಲ್ಲಿ ಸೀಳು ಬಿದ್ದು ಮುಳ್ಳು ಹಾರುವುದು, ಹಿನ್ನೆಲೆಯ ಗುಂಯ್‌ಗುಡುವಿಕೆಯಲ್ಲಿ ಪದಗಳು ಮುಳುಗುವುದು ಅನನುಕೂಲ. ಧ್ವನಿಮುದ್ರಣವನ್ನು ಯಾರಾದರೂ ಕೈಯಿಂದಲೇ ಆರಂಭಿಸಬೇಕಿತ್ತು. ಜಾನ್ಸನ್ ಅವರು ಗಾಳಿಯಲ್ಲಿ ಬೆರಳು ಸುತ್ತಿಸಿ ಕಾರ್ಯದರ್ಶಿಗಳಿಗೆ ಸಂಜ್ಞೆ ಮಾಡುತ್ತಿದ್ದರು. ಆದ್ದರಿಂದ ಹಲವು ಸಂಭಾಷಣೆಗಳು ನಡುವಾಕ್ಯದಿಂದ ಶುರುವಾಗುತ್ತವೆ, ಎಷ್ಟೋ ಕರೆಗಳು ದಾಖಲಾಗಿಯೇ ಇಲ್ಲ. ಕೆನಡಿಯವರ ದೂರವಾಣಿ ಧ್ವನಿಮುದ್ರಣ ಶುರುವಾದದ್ದೇ 1962ರ ಸೆಪ್ಟೆಂಬರ್ ಹೊತ್ತಿಗೆ. 1961ರಲ್ಲಿ ಮೂಲ ಮಸೂದೆಯನ್ನು ಗೆಲ್ಲಿಸಲು ಅವರು ಯಾವ ಶಾಸಕರೊಂದಿಗೆ ಏನು ಮಾತನಾಡಿದರು ಎಂಬುದು ಧ್ವನಿಯ ರೂಪದಲ್ಲಿ ನಮಗೆ ಎಂದಿಗೂ ಸಿಗದು. ಜಾನ್ಸನ್ ಅವರದ್ದಾದರೋ ಒಂಬತ್ತು ಸಾವಿರಕ್ಕೂ ಹೆಚ್ಚು ಸಂಭಾಷಣೆಗಳಿವೆ. ಒಬ್ಬರ ಸೋಲಿನ ಕರೆಯನ್ನೂ ಇನ್ನೊಬ್ಬರ ಸಾವಿರಾರು ಕರೆಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟು ಸ್ವಭಾವಗಳನ್ನು ಹೋಲಿಸುವುದರಲ್ಲಿಯೇ ದೋಷವಿದೆ. ಒಬ್ಬರು ಹೆಚ್ಚು ಧ್ವನಿಮುದ್ರಿಸಿಕೊಂಡರು ಎಂದ ಮಾತ್ರಕ್ಕೆ ಹೆಚ್ಚು ಕೆಲಸ ಮಾಡಿದರು ಎಂದಾಗುವುದಿಲ್ಲ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಸಾಮಾನ್ಯವಾಗಿ ಮಾತು ದಾಖಲಾಗುತ್ತಿದೆ ಎಂಬುದು ಅಧ್ಯಕ್ಷರಿಗೆ ಮಾತ್ರ ಗೊತ್ತು. ಆಚೆ ಬದಿಯ ಶಾಸಕರಿಗೆ ಗೊತ್ತಿಲ್ಲ. ಸಂಭಾಷಣೆಯಲ್ಲಿ ಪಾಲ್ಗೊಂಡವರಲ್ಲಿ ಒಬ್ಬರ ಒಪ್ಪಿಗೆಯಿದ್ದರೆ ಸಾಕೆಂಬುದು ಅಲ್ಲಿನ ಕೇಂದ್ರ ಕಾನೂನಿನ ನಿಲುವಾದ್ದರಿಂದ ಅದು ಅಪರಾಧವಾಗಿರಲಿಲ್ಲ. ಆದರೆ ಸಾಕ್ಷ್ಯವನ್ನು ತೂಗುವಾಗ ಈ ಅಸಮತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಆಲ್ಬರ್ಟ್ ಅವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುವುದು ಇದೇ ಕಾರಣಕ್ಕೆ: ದಕ್ಷಿಣದ ಸಹೋದ್ಯೋಗಿಗಳ ಬಗ್ಗೆ ಅವರು ಹೇಳಿದ್ದು ಭವಿಷ್ಯದ ಓದುಗರ ಕಿವಿಗಾಗಿ ಆಡಿದ ಮಾತಲ್ಲ. ಜಾನ್ಸನ್ ಅವರು ತಮ್ಮ ಸಾವಿನ ನಂತರ 50 ವರ್ಷ ಧ್ವನಿಮುದ್ರಿಕೆಗಳ ಪೆಟ್ಟಿಗೆಗಳನ್ನು ತೆರೆಯಬಾರದೆಂದು ತಿಳಿಸಿದ್ದರು. ಅವರು ತೀರಿಕೊಂಡದ್ದು 1973ರ ಜನವರಿ 22ರಂದು. ಕೆನಡಿ ಹತ್ಯೆಗೆ ಸಂಬಂಧಿಸಿದ ದಾಖಲೆಗಳನ್ನು ಬಹಿರಂಗಪಡಿಸುವಂತೆ 1992ರಲ್ಲಿ ಕಾನೂನು ಬಂದ ಮೇಲೆ, ಆಸ್ಟಿನ್‌ನಲ್ಲಿರುವ ಅವರ ಗ್ರಂಥಾಲಯದ ನಿರ್ದೇಶಕ ಹ್ಯಾರಿ ಮಿಡಲ್ಟನ್ ಅವರು ಗಡುವಿಗೆ ಮೊದಲೇ ಅವುಗಳನ್ನು ಹಂತ ಹಂತವಾಗಿ ತೆರೆಯಲು ಮುಂದಾದರು. ಪಟ್ಟಿಗಳು ಹಾಳಾಗುತ್ತಿದ್ದ ವೇಗವನ್ನು ನೋಡಿದರೆ ಅದು ಸರಿಯಾದ ನಿರ್ಧಾರ.

ಬರಹದ ಪ್ರತಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಶ್ವೇತಭವನದ ಕಾರ್ಯದರ್ಶಿಗಳು ಆಗಲೇ ಅವಸರದಲ್ಲಿ ಬೆರಳಚ್ಚು ಮಾಡಿದ ಪ್ರತಿಗಳಲ್ಲಿ ತಪ್ಪು ಕೇಳಿಸಿಕೊಂಡ ಹೆಸರುಗಳು, ಬಿಟ್ಟುಹೋದ ಸಾಲುಗಳು ಇವೆ. ವರ್ಜೀನಿಯಾ ವಿಶ್ವವಿದ್ಯಾಲಯದ ಮಿಲ್ಲರ್ ಕೇಂದ್ರದವರು ಧ್ವನಿಯನ್ನೇ ಮತ್ತೆ ಕೇಳಿ ಸಿದ್ಧಪಡಿಸಿದ ಪಾಠಗಳನ್ನು ಬಳಸುವುದು ಉತ್ತಮ. ಅದಕ್ಕಿಂತ ಉತ್ತಮವೆಂದರೆ ಪಾಠವನ್ನು ಕಣ್ಣೆದುರು ಇಟ್ಟುಕೊಂಡು ಧ್ವನಿಯನ್ನು ತಾವೇ ಕೇಳುವುದು. ಶಾಸಕರೊಬ್ಬರು ‘ಆಗಲಿ ಅಧ್ಯಕ್ಷರೇ’ ಎನ್ನುವ ಮೊದಲು ಎಷ್ಟು ಹೊತ್ತು ಸುಮ್ಮನಿದ್ದರು ಎಂಬುದು ಅಚ್ಚಿನಲ್ಲಿ ಕಾಣುವುದಿಲ್ಲ, ಆದರೆ ಆ ‘ಆಗಲಿ’ ಒಪ್ಪಿಗೆಯೋ ಮರ್ಯಾದೆಯೋ ಎಂಬುದು ಎಷ್ಟೋ ವೇಳೆ ಆ ಮೌನದಲ್ಲಿಯೇ ಇರುತ್ತದೆ.

ಇತಿಹಾಸಾಸಕ್ತ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೆಟ್ಟದ ದಾರಿ ಅವರಲ್ಲಿ ಒಂದು ಮಾತು ಕೇಳಬೇಕು. ಮಸೂದೆಯ ರಚನೆಯೇ ಗೆಲುವಿಗೆ ಕಾರಣವೆಂದಾದರೆ, ಒಂದೇ ಪರ್ವತ ಪ್ರದೇಶಕ್ಕೆ ಇಷ್ಟೊಂದು ಹಣ ಹೋಗುವುದನ್ನು ಉಳಿದ ರಾಜ್ಯಗಳ ಸದಸ್ಯರು ಹೇಗೆ ಒಪ್ಪಿದರು? 1963ರ ಮಸೂದೆಯಲ್ಲಿ ಹೆಚ್ಚು ಜಿಲ್ಲೆಗಳಿಗೆ ಪಾಲಿತ್ತು, ಆದರೂ ಅದು ಸೋತಿತು. 1965ರದ್ದು ಕೆಲವರಿಗಷ್ಟೇ ಸೇರಿದ್ದು, ಆದರೂ ಗೆದ್ದಿತು. ಸಾಮಾನ್ಯ ತರ್ಕಕ್ಕೆ ಇದು ತಿರುಗುಮುರುಗಾಗಿ ಕಾಣುತ್ತದೆ.

ಬೆಟ್ಟದ ದಾರಿ

ಬಹಳ ಒಳ್ಳೆಯ ಪ್ರಶ್ನೆ. ಆ ಕಾನೂನು ಆರಂಭದಲ್ಲಿ ಹನ್ನೊಂದು ರಾಜ್ಯಗಳ ಸುಮಾರು 360 ಕೌಂಟಿಗಳಿಗೆ ಅನ್ವಯವಾಗುತ್ತಿತ್ತು. ರಾಜ್ಯಗಳಲ್ಲಿ ಇಡಿಯಾಗಿ ಒಳಗೆ ಬಂದದ್ದು ವೆಸ್ಟ್ ವರ್ಜೀನಿಯಾ ಒಂದೇ. ಹೊರಗುಳಿದವರ ಅಸಮಾಧಾನ ನಿಜವಾಗಿಯೂ ಇತ್ತು, ಮತ್ತು ಅದನ್ನು ತಣಿಸಲಾದದ್ದು ಇನ್ನೊಂದು ಮಸೂದೆಯ ಭರವಸೆಯಿಂದ. ಸೆನೆಟ್‌ನ ಲೋಕೋಪಯೋಗಿ ಸಮಿತಿಯ ಅಧ್ಯಕ್ಷ ಪ್ಯಾಟ್ ಮೆಕ್‌ನಮಾರಾ ಅವರು ಮಿಷಿಗನ್‌ನವರು. ಆ ರಾಜ್ಯದ ಉತ್ತರ ಭಾಗದಲ್ಲಿಯೂ ಗಣಿಗಳು ಮುಚ್ಚಿ ಜನ ಕಷ್ಟದಲ್ಲಿದ್ದರು. ಅವರಿಗೂ ಅಂಥದ್ದೇ ನೆರವು ಬರಲಿದೆ ಎಂಬ ಆಶ್ವಾಸನೆ ಅದೇ ವರ್ಷ ಆಗಸ್ಟ್ 26ರಂದು ಸಹಿಯಾದ ಲೋಕೋಪಯೋಗಿ ಮತ್ತು ಆರ್ಥಿಕ ಅಭಿವೃದ್ಧಿ ಕಾನೂನಿನಲ್ಲಿ ಈಡೇರಿತು. ಆ ಕಾನೂನಿನಡಿ ಮಹಾಸರೋವರಗಳ ಉತ್ತರ ಭಾಗ, ನ್ಯೂ ಇಂಗ್ಲೆಂಡ್, ಓಝಾರ್ಕ್ ಬೆಟ್ಟಗಳು ಮುಂತಾದ ಪ್ರದೇಶಗಳಿಗೆ ಪ್ರತ್ಯೇಕ ಆಯೋಗಗಳು ರಚನೆಯಾದವು. 1961ರ ಪ್ರದೇಶ ಪುನರಭಿವೃದ್ಧಿ ಕಾರ್ಯಕ್ರಮದ ಉತ್ತರಾಧಿಕಾರಿಯೂ ಇದೇ ಕಾನೂನು.

ಗಡಿರೇಖೆಯೂ ಕಲ್ಲಿನಲ್ಲಿ ಕೆತ್ತಿದ್ದಾಗಿರಲಿಲ್ಲ. ನ್ಯೂಯಾರ್ಕ್‌ನ ದಕ್ಷಿಣ ಗಡಿಯ ಹದಿಮೂರು ಕೌಂಟಿಗಳು ಮೊದಲು ಹೊರಗಿದ್ದವು. ಆಗಷ್ಟೇ ಆ ರಾಜ್ಯದ ಸೆನೆಟರಾಗಿದ್ದ ರಾಬರ್ಟ್ ಕೆನಡಿ ಅವರು ಮಸೂದೆ ಸೆನೆಟ್‌ನಲ್ಲಿದ್ದಾಗಲೇ ಆ ಕೌಂಟಿಗಳ ಸೇರ್ಪಡೆಗೆ ದಾರಿ ಮಾಡಿಸಿದರು, ಅದೇ ವರ್ಷ ಅವು ಸೇರಿಕೊಂಡವು. ಮಿಸಿಸಿಪಿಯ ಕೌಂಟಿಗಳು 1967ರಲ್ಲಿ ಬಂದವು. ಇಂದು ಹದಿಮೂರು ರಾಜ್ಯಗಳ 423 ಕೌಂಟಿಗಳು ಅದರೊಳಗಿವೆ.

1963ರಲ್ಲಿ ಪಾಲು ಹಂಚಿಹೋದದ್ದು ಶಕ್ತಿಯಲ್ಲ, ದೌರ್ಬಲ್ಯ ಎಂದು ನನ್ನ ಅನಿಸಿಕೆ. ಸಾವಿರಕ್ಕೂ ಹೆಚ್ಚು ಕೌಂಟಿಗಳಿಗೆ ಚೂರು ಚೂರಾಗಿ ಸಿಗುವ ಹಣಕ್ಕಾಗಿ ಯಾವ ಸದಸ್ಯನೂ ತನ್ನ ಸ್ಥಾನವನ್ನು ಪಣಕ್ಕಿಡುವುದಿಲ್ಲ. ತನ್ನ ಕಣಿವೆಗೆ ಹೆದ್ದಾರಿ ಬರುವುದಾದರೆ ಇಡುತ್ತಾನೆ. ಜೊತೆಗೆ, ಹೊಸ ಆಯೋಗದಲ್ಲಿ ಕೇಂದ್ರದ ಪ್ರತಿನಿಧಿಯೊಬ್ಬರ ಜೊತೆ ಎಲ್ಲ ಗವರ್ನರುಗಳಿಗೂ ಸ್ಥಾನವಿತ್ತು. ಬಹುಪಾಲು ರಾಜ್ಯಗಳು ಮತ್ತು ಕೇಂದ್ರದ ಪ್ರತಿನಿಧಿ ಇಬ್ಬರೂ ಒಪ್ಪಿದರೆ ಮಾತ್ರ ನಿರ್ಣಯ. ವಾಷಿಂಗ್‌ಟನ್ನಿನ ಕೈ ನೇರವಾಗಿ ತಮ್ಮ ಊರಿಗೆ ಬರುವುದನ್ನು ಒಲ್ಲದ ದಕ್ಷಿಣದ ಸದಸ್ಯರಿಗೆ ಇದು ಸಮ್ಮತವಾಗುವ ಏರ್ಪಾಡು.

ಸಂಸತ್ ಓದುಗ

ಇದಕ್ಕೆ ನಾನು ಇನ್ನೊಂದು ಕಾರಣವನ್ನು ಸೇರಿಸಬೇಕು, ಏಕೆಂದರೆ ಜೂನ್ 12ರ ಕರೆಯಲ್ಲಿ ಕೇಳಿಬರುವ ಭಯಕ್ಕೆ ಉತ್ತರ ಅಲ್ಲಿಯೇ ಇದೆ. 1964ರ ಜುಲೈ 2ರಂದು ಸಹಿಯಾದ ನಾಗರಿಕ ಹಕ್ಕುಗಳ ಕಾನೂನಿನ ಆರನೆಯ ಅಧ್ಯಾಯವು ಕೇಂದ್ರದ ಹಣ ಪಡೆಯುವ ಯಾವ ಕಾರ್ಯಕ್ರಮದಲ್ಲಿಯೂ ಜನಾಂಗ, ಬಣ್ಣ ಅಥವಾ ಮೂಲದೇಶದ ಆಧಾರದ ಮೇಲೆ ತಾರತಮ್ಯ ಮಾಡಕೂಡದೆಂದು ಒಮ್ಮೆಗೇ ವಿಧಿಸಿತು. ಅದಕ್ಕೂ ಮೊದಲು ನೆರವಿನ ಪ್ರತಿ ಮಸೂದೆಯೂ ಈ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಸದನಕ್ಕೆ ಬರಬೇಕಿತ್ತು: ನ್ಯೂಯಾರ್ಕ್‌ನ ಪ್ರತಿನಿಧಿ ಆಡಮ್ ಕ್ಲೇಟನ್ ಪೊವೆಲ್ ಅವರು 1950ರ ದಶಕದಿಂದಲೂ ಹಣದ ಮಸೂದೆಗಳಿಗೆ ತಾರತಮ್ಯ ನಿಷೇಧದ ತಿದ್ದುಪಡಿ ತರುತ್ತಿದ್ದರು, ಅದು ನ್ಯಾಯವಾದ ಬೇಡಿಕೆಯೇ, ಆದರೆ ತಿದ್ದುಪಡಿ ಸೇರಿದರೆ ದಕ್ಷಿಣದವರು ಮಸೂದೆಯನ್ನು ಬೀಳಿಸುತ್ತಿದ್ದರು, ಸೇರದಿದ್ದರೆ ಉತ್ತರದ ಉದಾರವಾದಿಗಳಿಗೆ ಮನಸ್ಸಾಕ್ಷಿ ಚುಚ್ಚುತ್ತಿತ್ತು. 1965ರ ವೇಳೆಗೆ ಆ ವಾದ ಬೇರೊಂದು ಕಾನೂನಿನಲ್ಲಿ ಇತ್ಯರ್ಥವಾಗಿತ್ತು. ಅಪಲಾಚಿಯಾದ ರಸ್ತೆಗೆ ಮತ ಹಾಕುವವರು ಜನಾಂಗೀಯ ಬೇರ್ಪಡಿಕೆಯ ಪ್ರಶ್ನೆಗೆ ಅಲ್ಲಿ ಮತ್ತೆ ಉತ್ತರ ಹೇಳಬೇಕಾಗಿರಲಿಲ್ಲ.

ದಿನಾಂಕಗಳನ್ನು ಮತ್ತೊಮ್ಮೆ ಜೋಡಿಸಿ ನೋಡಿ. ಅಲಬಾಮಾದ ಸೆಲ್ಮಾದಲ್ಲಿ ಮತದಾನದ ಹಕ್ಕಿಗಾಗಿ ಹೊರಟ ಮೆರವಣಿಗೆಯ ಮೇಲೆ ಪೊಲೀಸರು ಸೇತುವೆಯ ಬಳಿ ಲಾಠಿ ಬೀಸಿದ್ದು 1965ರ ಮಾರ್ಚ್ 7ರಂದು. ಅಪಲಾಚಿಯಾ ಕಾನೂನಿಗೆ ಸಹಿ ಬಿದ್ದದ್ದು ಅದಾದ ಎರಡೇ ದಿನಕ್ಕೆ. 1963ರಲ್ಲಿ ಇಂಥದ್ದೇ ಬಿರುಸಿನ ವಾರವೊಂದು ನೆರವಿನ ಮಸೂದೆಯನ್ನು ಕೆಡವಿತ್ತು. ಈ ಬಾರಿ ಪ್ರತಿನಿಧಿ ಸಭೆಯ ಮತದಾನ ಸೆಲ್ಮಾಗೆ ನಾಲ್ಕು ದಿನ ಮೊದಲೇ ಮುಗಿದಿತ್ತು ಎಂಬುದನ್ನು ನಾನು ಮರೆಮಾಚುವುದಿಲ್ಲ, ಆದರೆ 92 ಮತಗಳ ಅಂತರವನ್ನು ಒಂದು ವಾರದ ಆಕ್ರೋಶ ಅಳಿಸಿಹಾಕುತ್ತಿತ್ತೆಂದು ನಂಬಲು ಕಾರಣವಿಲ್ಲ.

ತಾವು ಮುಂದೆ ಈ ಕರೆಗಳನ್ನು ಕೇಳುವುದಾದರೆ ಪ್ರತಿಯೊಂದರ ಪಕ್ಕದಲ್ಲಿಯೂ ಮತದಾನದ ಹೆಸರುಪಟ್ಟಿಯನ್ನು ಇಟ್ಟುಕೊಳ್ಳಿ. ಸಭೆಯ ನಡಾವಳಿಯಲ್ಲಿ ಯಾರು ಯಾವ ಕಡೆ ಮತ ಹಾಕಿದರು ಎಂಬುದು ಹೆಸರು ಸಹಿತ ಅಚ್ಚಾಗಿದೆ. 1961ರ ಪಟ್ಟಿಯಲ್ಲಿ ‘ಹೌದು’ ಎಂದು 1963ರ ಪಟ್ಟಿಯಲ್ಲಿ ‘ಇಲ್ಲ’ ಎಂದ ದಕ್ಷಿಣದ ಸದಸ್ಯರನ್ನು ಗುರುತಿಸಿ, ಅವರಲ್ಲಿ ಯಾರ ಕೌಂಟಿಗಳು 1965ರ ಅಪಲಾಚಿಯಾ ನಕ್ಷೆಯೊಳಗೆ ಬಂದವು ಎಂದು ಹುಡುಕಿದರೆ, ಆಲ್ಬರ್ಟ್ ಅವರು ಕಳೆದುಕೊಂಡೆವೆಂದು ಹೇಳಿದವರಲ್ಲಿ ಯಾರನ್ನು ರಸ್ತೆ ಮರಳಿ ತಂದಿತು, ಯಾರನ್ನು ತರಲಾಗಲಿಲ್ಲ ಎಂಬುದು ಒಂದೊಂದೇ ಹೆಸರಾಗಿ ತಮಗೇ ಗೊತ್ತಾಗುತ್ತದೆ.